ಒಂದು ವಾಟಿ ಶಾವಿಗೆಯ ತೂಕ

ಟಿಕೋಟಾದ ಮಾಬುಬಿ ಮುಂಜಾನೆಯ ಬಿಸಿಲಿಗೆ ಬೆನ್ನು ಕೊಟ್ಟು, ಮಾಳಿಗೆಯ ಮೇಲೆ ಶಾವಿಗೆ ಮಣೆ ಏರಿ ಕೂತಿದ್ದಳು. ಕುದುರೆ ಹತ್ತಿದವರ ಹಾಗೆ ಎರಡೂ ಕಡೆ ಕಾಲು ಇಳಿಬಿಟ್ಟು ಕೂರಬೇಕು ಅದರ ಮೇಲೆ. ಅಂಗೈಯಿಂದ ಕಣಕವನ್ನು ಮುಂದಕ್ಕೆ ತಿಕ್ಕಿ ಹಿಂದಕ್ಕೆ ಎಳೆದಂತೆಲ್ಲ, ಮಣೆಯ ಸಣ್ಣ ಗೀರುಗಳಿಂದ ಶಾವಿಗೆ ಎಳೆ ಎಳೆಯಾಗಿ ಕೆಳಗಿಳಿಯುತ್ತಿತ್ತು. ಕೆಳಗೆ ಕೂತ ರುದ್ರವ್ವ ಆ ಎಳೆಗಳನ್ನು ಹಿಡಿದು, ಹದವಾಗಿ ಜಗ್ಗಿ, ಕೋಲಿನ ಮೇಲೆ ಒಣಹಾಕುತ್ತಿದ್ದಳು.

"ಸಾವಕಾಶ ಜಗ್ಗ ಬೇ. ನಿಮ್ಮ ಎಮ್ಮಿ ಹಗ್ಗ ಅಲ್ಲ ಅದು," ಎಂದಳು ಮಾಬುಬಿ.

"ಹೊಟ್ಟಿಗೆ ರೋಜಾ ಐತಿ, ಬಾಯಿಗಿಲ್ಲ ನೋಡು ನಿನಗ."

ರಮಜಾನ್ ತಿಂಗಳು. ಮಾಬುಬಿ ಬೆಳಗಿನಿಂದ ಹನಿ ನೀರು ಮುಟ್ಟಿರಲಿಲ್ಲ. ಪಕ್ಕದ ಮನೆಯ ರುದ್ರವ್ವ ಆಕೆಯೆದುರು ಚಹಾ, ನೀರು ಏನೂ ಕುಡಿಯಳು. ನೀರಡಿಕೆಯಾದರೆ "ಎಮ್ಮಿ ನೋಡಿ ಬರ್ತೇನಿ" ಎಂದು ಮೆಟ್ಟಿಲು ಇಳಿಯುವಳು. ರಮಜಾನ್ ಬೇಸಿಗೆಯಲ್ಲಿ ಬಂದ ವರ್ಷಗಳಲ್ಲೆಲ್ಲ ಆ ಎಮ್ಮೆಗೆ ಹೀಗೆ ಬಹಳ ಆರೈಕೆ.

ಅಷ್ಟರಲ್ಲಿ ಮೊಮ್ಮಗಳು ಹೀನಾ ಮೆಟ್ಟಿಲು ಹತ್ತಿ ಬಂದಳು. ಆರನೆಯ ಇಯತ್ತೆಯ ಹುಡುಗಿ. ಒಂದು ಕೈಯಲ್ಲಿ ಶುಗರ್ ನೋಡುವ ಮಷೀನು, ಇನ್ನೊಂದು ಕೈಯ ಬೆರಳ ತುದಿಗೆ ಒತ್ತಿ ಹಿಡಿದ ಹತ್ತಿ.

"ದಾದಿಮಾ, ಮತ್ತ ಏರೈತಿ."

"ಎಷ್ಟೈತಿ?"

"ಎರಡನೂರಾ ತೊಂಬತ್ತು."

ರುದ್ರವ್ವನ ಕೈಯಲ್ಲಿದ್ದ ಎಳೆ ತುಂಡಾಯಿತು. ಮಾಬುಬಿ ಬೈಯಲಿಲ್ಲ.

ಹೀನಾ ಮುಂಜಾನೆ ತಿಂದದ್ದು ಹಿತ್ತಾಳೆ ಬಟ್ಟಲಲ್ಲಿ ಅಳೆದ ಒಂದು ವಾಟಿ ಶಾವಿಗೆಯ ಉಪ್ಪಿಟ್ಟು. ಹಿಂದಿನ ದಿನ ಇದೇ ಮಾಳಿಗೆಯ ಮೇಲೆ ಒಣಗಿದ ಶಾವಿಗೆ. ಹೊಸ ಶಾವಿಗೆಯ ಮೊದಲ ವಾಟಿ ಯಾವಾಗಲೂ ಆ ಹುಡುಗಿಗೇ. ಆಕೆ ಶಾವಿಗೆ ತಿಂದ ದಿನವೆಲ್ಲ ಮಷೀನು ಹೀಗೇ ಏರಿದ ಅಂಕಿ ತೋರಿಸುತ್ತದೆ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ಬಾಯಿಬಿಟ್ಟು ಹೇಳಲು ಮಾತ್ರ ಯಾರಿಗೂ ಧೈರ್ಯ ಇರಲಿಲ್ಲ. ಶಾವಿಗೆ ಮಾಬುಬಿಯದು.

ಹಿಂದಿನ ವರ್ಷ ಹೀನಾ ಇದ್ದಕ್ಕಿದ್ದಂತೆ ಸೊರಗತೊಡಗಿದ್ದಳು. ತಂಬಿಗೆಗಟ್ಟಲೆ ನೀರು ಕುಡಿದರೂ ಬಾಯಿ ಒಣಗುತ್ತದೆ ಎನ್ನುತ್ತಿದ್ದಳು. ವಿಜಯಪುರದ ದವಾಖಾನೆಗೆ ಒಯ್ದಾಗ ಡಾಕ್ಟರು ರಕ್ತ ನೋಡಿ ಶುಗರ್ ಎಂದರು. ಅದು ಮುದುಕರಿಗೆ ಬರುವ ಕಾಯಿಲೆ, ಸಿಹಿ ತಿಂದು ಕುಂತವರಿಗೆ ಬರುವ ಕಾಯಿಲೆ ಎಂದು ನಂಬಿದ್ದ ಮಾಬುಬಿ, ಯಾವುದು ತಿಂದು ಹೀಗಾಯಿತು ಎಂದು ಕೇಳಿದ್ದಳು. "ತಿಂದದ್ದರಿಂದ ಬಂದದ್ದಲ್ಲರಿ ಇದು. ದೇಹ ತಾನs ಮಾಡಬೇಕಾದ ಇನ್ಸುಲಿನ್ ಮಾಡೂದ ಬಿಟ್ಟೈತಿ. ಯಾರ ತಪ್ಪೂ ಇಲ್ಲ," ಎಂದಿದ್ದರು ಡಾಕ್ಟರು.

ಅಂದಿನಿಂದ ಪ್ರತಿ ಊಟಕ್ಕೂ ಮೊದಲು ಸೂಜಿ. ಎಷ್ಟು ತಿನ್ನುತ್ತಾಳೋ ಅದಕ್ಕೆ ತಕ್ಕಷ್ಟು ಮದ್ದು. ಹೆಚ್ಚಾಗಬಾರದು, ಕಡಿಮೆಯೂ ಆಗಬಾರದು. ಅದಕ್ಕಾಗಿ ತಿನ್ನುವುದನ್ನು ಗ್ರಾಂ ಲೆಕ್ಕದಲ್ಲಿ ಅರಿಯಬೇಕು. ಊಟವಾದ ಮೇಲೆ ಬೆರಳಿಗೆ ಚುಚ್ಚಿದರೆ ಸಾಸಿವೆ ಕಾಳಿನಷ್ಟು ರಕ್ತ. ಆ ಒಂದು ಹನಿ, ಹುಡುಗಿ ತಿಂದ ರೊಟ್ಟಿಯ ಸುದ್ದಿಯನ್ನೆಲ್ಲ ಹೇಳಿಬಿಡುತ್ತಿತ್ತು. ಅಂಕಿ ನೂರಾ ಎಂಬತ್ತರೊಳಗೆ ಇದ್ದರೆ ಸರಿ. ಮೊದಮೊದಲು ಮಾಬುಬಿ ಆ ಮಷೀನನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದಳು. ಕದ್ದು ತಿಂದ ಪೇರಲಹಣ್ಣನ್ನೂ ಅದು ಬಿಡಲಿಲ್ಲ.

ರೊಟ್ಟಿ, ಅನ್ನ ದಾರಿಗೆ ಬಂದವು. ಸೊಸೆ ಶಬನಮ ಅವನ್ನು ತೂಗಿಯೇ ಹಾಕುತ್ತಿದ್ದಳು. ಮಗ ಜಾವೀದ ಬಸ್ ಕಂಡಕ್ಟರ್. ವಿಜಯಪುರದ ಪೇಟೆಯಿಂದ ಅಂಗೈಯಗಲದ, ಅಂಕಿ ತೋರಿಸುವ ಒಂದು ತಕ್ಕಡಿ ತಂದುಕೊಟ್ಟಿದ್ದ. ಅತ್ತೆಯ ಕಣ್ಣಿಗೆ ಬೀಳದಿರಲೆಂದು ಶಬನಮ ಅದನ್ನು ಅಡಿಗೆಮನೆಯ ಗೂಡಿನಲ್ಲಿ ಬಚ್ಚಿಟ್ಟಿದ್ದಳು.

ಬಚ್ಚಿಡಲು ಕಾರಣವಿತ್ತು. ಊರವರು ಕೊಟ್ಟ ರವೆಯನ್ನು ಮಾಬುಬಿ ತೂಗಿ ತಗೊಂಡು, ಶಾವಿಗೆ ಮಾಡಿ ತೂಗಿ ಕೊಡುವವಳು. ಕನಮಡಿಯ ಕಡೆಯಿಂದಲೂ ಜನ ಬರುತ್ತಾರೆ. ಬಾಗಿಲ ಬಳಿ ದೊಡ್ಡ ತಕ್ಕಡಿ ತೂಗುಹಾಕಿದೆ. ಆದರೆ ಮನೆಯವರ ಬಾಯಿಗೆ ಹೋಗುವುದು ಆ ತಕ್ಕಡಿಯ ಹತ್ತಿರವೂ ಸುಳಿಯಬಾರದು. ತಕ್ಕಡಿಗೆ ಬಿದ್ದದ್ದು ಮಂದಿಯದು, ವಾಟಿಗೆ ಬಿದ್ದದ್ದು ಮನೆಯದು ಎಂದು ಆಕೆಯ ಅತ್ತೆ ಹೇಳಿಕೊಟ್ಟಿದ್ದಳು. ಮಕ್ಕಳ ತುತ್ತನ್ನು ತೂಗಿದರೆ ನೆದರಾಗುತ್ತದೆ, ಕೆಟ್ಟ ದೃಷ್ಟಿ ತಾಗುತ್ತದೆ. ವಾಟಿಯ ತಲೆ ಸವರಿ ಮಟ್ಟ ಮಾಡುವುದೂ ಕೂಡದು. ಮನೆಯ ವಾಟಿ ಎಂದರೆ ಗೋಪುರ ಏರಬೇಕು.

ಹಾಗಾಗಿ ಶಾವಿಗೆಯ ವಿಷಯದಲ್ಲಿ ಶಬನಮ ಅತ್ತೆಗೆ ಎದುರಾಡದೆ ಒಂದು ಉಪಾಯ ಮಾಡಿದ್ದಳು. ಬಬಲೇಶ್ವರದ ತವರಿಗೆ ಹೋದಾಗ ಅಂಥದ್ದೇ ಒಂದು ಹಿತ್ತಾಳೆ ವಾಟಿಯಲ್ಲಿ ಶಾವಿಗೆ ತುಂಬಿ ತೂಗಿ ನೋಡಿದ್ದಳು. ಹತ್ತಿರ ಹತ್ತಿರ ಮೂವತ್ತು ಗ್ರಾಂ ಬಂತು. ಒಂದು ವಾಟಿಗೆ ಮೂವತ್ತು ಎಂದು ಮಗಳಿಗೆ ಹೇಳಿದಳು. ಅಜ್ಜಿ ವಾಟಿ ತುಂಬುವಳು, ಮೊಮ್ಮಗಳು ಮೂವತ್ತಕ್ಕೆ ಮದ್ದು ಲೆಕ್ಕ ಹಾಕುವಳು. ಯಾರಿಗೂ ನೋವಾಗದ ದಾರಿ ಅದು, ಎಂದೇ ಎಲ್ಲರೂ ತಿಳಿದಿದ್ದರು.

ಆ ವಾರ ದವಾಖಾನೆಗೆ ಹೋಗುವ ದಿನ ಬಂದಾಗ ಶಬನಮ ಹೊರಡಲಿಲ್ಲ.

"ಅಮ್ಮಾ, ಶಾವಿಗಿ ವಿಚಾರ ಕೇಳಿದ್ರ ನಾ ಏನ ಹೇಳ್ಲಿ? ನೀವs ಹೋಗಿಬರ್ರಿ. ಮಾಳಗಿ ಮ್ಯಾಲಿಂದು ನಾ ನೋಡ್ಕೋತೇನಿ."

ಹೀಗೆ ಮಾಬುಬಿ ಹೀನಾಳ ಕೈ ಹಿಡಿದು ವಿಜಯಪುರದ ಬಸ್ ಹತ್ತಿದಳು.

ದವಾಖಾನೆಯಲ್ಲಿ ಊಟದ ಸಲಹೆ ಕೊಡುವವಳು ಪೂನಮ ಎಂಬ ಹುಡುಗಿ. ಆಕೆ ಮಷೀನಿನ ಗುಂಡಿ ಒತ್ತುತ್ತ, ಯಾವ ದಿನ ಏನು ತಿಂದದ್ದೆಂದು ಕೇಳುತ್ತ, ಹಿಂದಿನ ಅಂಕಿಗಳನ್ನು ಒಂದೊಂದಾಗಿ ನೋಡಿದಳು. ರೊಟ್ಟಿಯ ದಿನ ಚಲೋ ಐತಿ, ಅನ್ನದ ದಿನ ಚಲೋ ಐತಿ ಎಂದಳು. ಆಮೇಲೆ ಒಂದು ಅಂಕಿಯ ಮೇಲೆ ಬೆರಳಿಟ್ಟು ಹೀನಾಳ ಮುಖ ನೋಡಿದಳು.

"ಈ ದಿನ ಏನ ತಿಂದಿದ್ದಿ?"

"ಶಾವಿಗಿ ಉಪ್ಪಿಟ್ಟು."

"ಇಲ್ಲಿ?"

"ಅವತ್ತೂ ಶಾವಿಗಿ."

ಪೂನಮ ಮಾಬುಬಿಯತ್ತ ತಿರುಗಿದಳು. "ಅಜ್ಜೀರಿ, ಶಾವಿಗಿ ಹ್ಯಾಂಗ ಅಳೀತೀರಿ?"

ಮಾಬುಬಿ ಬರಿಗೈಯಲ್ಲೇ ತೋರಿಸಿದಳು. ಒಂದು ಹಿಡಿ ಹಿಡಿದು ಮುರಿಯುವುದು, ವಾಟಿಗೆ ಹಾಕುವುದು, ಹೆಬ್ಬೆರಳಿನಿಂದ ಒತ್ತುವುದು, ಮತ್ತೊಂದು ಹಿಡಿ, ಮತ್ತೊಮ್ಮೆ ಒತ್ತುವುದು, ಮೇಲೊಂದು ಗೋಪುರ. ಪೂನಮ ಆ ಹೆಬ್ಬೆರಳನ್ನೇ ನೋಡುತ್ತಿದ್ದಳು.

"ಶಾವಿಗಿದೇನೂ ತಪ್ಪಿಲ್ಲರಿ. ನೀವು ಹಾಕೂದೆಷ್ಟು ಅಂತ ನಮಗ ತಿಳಿವಲ್ದು, ಅಷ್ಟs. ತೂಗಿ ಹೇಳ್ರಿ. ತೂಕ ಗೊತ್ತಾದ್ರ ತಿನ್ಲಿ. ಗೊತ್ತಾಗೂತನಕ ಬ್ಯಾಡ."

"ಈದ್ ಬಂತಲ್ಲವಾ," ಎಂದಳು ಮಾಬುಬಿ. "ಸುರಕುಂಬಾ ಕುಡಿಯೂದಿಲ್ಲೇನ ಕೂಸು?" ಹಾಲಿನಲ್ಲಿ ಶಾವಿಗೆ, ಖಜೂರ ಹಾಕಿ ಕುದಿಸುವ ಸುರಕುಂಬಾ ಇಲ್ಲದ ಈದ್ ಯಾವ ಮನೆಯಲ್ಲಿದೆ? ಅದೂ ಊರಿಗೆಲ್ಲ ಶಾವಿಗೆ ಮಾಡಿಕೊಡುವವಳ ಮನೆಯಲ್ಲಿ?

"ತೂಕ ತಿಳೀಲಿಲ್ಲಂದ್ರ ಈ ಸಲ ಬ್ಯಾಡರಿ."

ಕುರ್ಚಿಯಿಂದ ಇಳಿಬಿಟ್ಟ ಕಾಲು ಆಡಿಸುತ್ತಿದ್ದ ಹೀನಾ ಆಡಿಸುವುದನ್ನು ನಿಲ್ಲಿಸಿದಳು. ಅದು ಮಾಬುಬಿಗೆ ಕಂಡಿತು.

ಏಳುವ ಮೊದಲು ಆಕೆ ಇನ್ನೊಂದು ಮಾತು ಕೇಳಿದಳು. ಅದು ಬಹಳ ದಿನದಿಂದ ಮನಸ್ಸಿನಲ್ಲಿದ್ದ ಪ್ರಶ್ನೆ.

"ನಾವೆಲ್ಲಾ ತಿಂತೀವಲ್ಲವಾ, ನಾನು, ನೀನು. ನಾವು ತೂಗೂದಿಲ್ಲ. ಮತ್ತ ನಮಗ ಯಾಕ ಏರೂದಿಲ್ಲ?"

"ನಿಮಗ ಒಳಗ ತೂಗತೈತ್ರಿ," ಎಂದಳು ಪೂನಮ. ಹೊಟ್ಟೆಯ ಹಿಂದೆ ಮಾವಿನೆಲೆಯಂಥ ಒಂದು ಗ್ರಂಥಿ ಇದೆ, ಗೇಣುದ್ದವೂ ಇಲ್ಲ ಎಂದು ಕೈಯಲ್ಲಿ ಅಳತೆ ತೋರಿಸಿದಳು. ತುತ್ತು ಹೊಟ್ಟೆಗೆ ಬಿದ್ದಂತೆಲ್ಲ ಅದಕ್ಕೆ ಗೊತ್ತಾಗುತ್ತದೆ. ಎಷ್ಟು ಬಿತ್ತೋ ಅಷ್ಟಕ್ಕೆ ಸರಿಯಾಗಿ ಇನ್ಸುಲಿನ್ ಬಿಡುತ್ತದೆ. "ಆ ಗ್ರಂಥಿಯೊಳಗೂ ಈ ಕೆಲಸ ಮಾಡೋ ಭಾಗ ಎಲ್ಲಾ ಕೂಡಿಸಿದ್ರ ಒಂದು ಗ್ರಾಂ, ಭಾಳಂದ್ರ ಎರಡು."

"ಒಂದು ಗ್ರಾಂ ಅಂದ್ರ?"

ಪೂನಮ ಯೋಚಿಸಿದಳು. "ನಿಮ್ಮ ಶಾವಿಗಿ ನಾಕೈದು ಎಳಿ ಇರಬೇಕ್ರಿ."

"ಅದಕ್ಕ ತೂಗೂದು ಯಾರ ಕಲಿಸ್ಯಾರವಾ?"

"ಯಾರೂ ಇಲ್ಲರಿ. ಹುಟ್ಟಿನಿಂದs ಬರತೈತಿ."

ಮಾಬುಬಿ ಹೀನಾಳ ಕೈ ಹಿಡಿದು ಎದ್ದಳು.

ಟಿಕೋಟಾದ ಬಸ್ ತುಂಬಿತ್ತು. ಕಿಟಕಿಯ ಬದಿಗೆ ಸೀಟು ಸಿಕ್ಕರೂ ಮಾಬುಬಿ ಹೊರಗೆ ನೋಡಲಿಲ್ಲ, ಬಸ್ಸಿನೊಳಗಿನವರನ್ನೇ ನೋಡುತ್ತ ಕೂತಳು. ಮುಂದಿನ ಸೀಟಿನಲ್ಲಿ ಒಬ್ಬ ರೈತ ಶೇಂಗಾ ಸುಲಿದು ಬಾಯಿಗೆ ಎಸೆದುಕೊಳ್ಳುತ್ತಿದ್ದ, ಎಣಿಸದೆ, ನೋಡದೆ, ಬದಿಯವನೊಂದಿಗೆ ದ್ರಾಕ್ಷಿಯ ಮಾತಾಡುತ್ತ. ತಾಯಿಯ ತೊಡೆಯ ಮೇಲಿನ ಕೂಸೊಂದು ಬಿಸ್ಕೀಟು ಚೀಪುತ್ತಿತ್ತು, ಅರ್ಧ ಬಾಯಿಗೆ, ಅರ್ಧ ಅಂಗಿಗೆ. ಹಿಂದೆ ಕಾಲೇಜಿನ ಹುಡುಗಿಯರು ಒಂದೇ ಪೊಟ್ಟಣಕ್ಕೆ ಕೈ ಹಾಕಿ ಚುರುಮುರಿ ತಿನ್ನುತ್ತ ನಗುತ್ತಿದ್ದರು. ಇವರೆಲ್ಲರ ಒಳಗೂ ನಾಲ್ಕೈದು ಎಳೆಯಷ್ಟು ಏನೋ ಒಂದು ಕೂತು, ಶೇಂಗಾವನ್ನು ಬೇರೆ, ಬಿಸ್ಕೀಟನ್ನು ಬೇರೆ, ಚುರುಮುರಿಯನ್ನು ಬೇರೆ ತೂಗುತ್ತಿದೆ. ಬಿಸ್ಕೀಟು ಅಂಗಿಗೆ ಎಷ್ಟು ಹೋಯಿತು, ಹೊಟ್ಟೆಗೆ ಎಷ್ಟು ಹೋಯಿತು ಎಂಬುದೂ ಅದಕ್ಕೆ ತಿಳಿಯುತ್ತದೆ. ಕೂಸಿಗೆ ಗೊತ್ತಿಲ್ಲ, ತಾಯಿಗೂ ಗೊತ್ತಿಲ್ಲ.

ಅರವತ್ತರ ಹತ್ತಿರ ಬಂದ ತನ್ನ ಆಯುಷ್ಯದಲ್ಲಿ ಎಷ್ಟು ರೊಟ್ಟಿ, ಎಷ್ಟು ಮದುವೆಯೂಟ, ಎಷ್ಟು ಈದ್ ಆಗಿರಬಹುದು? ಒಂದು ಸಲವೂ ಅದು ತಪ್ಪಿಲ್ಲ. ರೋಜಾ ಹಿಡಿದ ದಿನ ಸುಮ್ಮನಿದ್ದು, ಸಂಜೆ ಖಜೂರ ನಾಲಿಗೆಗೆ ತಾಗಿದ ಕೂಡಲೇ ಎದ್ದು ಕೂತಿದೆ. ಇಷ್ಟು ವರ್ಷ ತನ್ನೊಳಗೆ ಹೀಗೊಂದು ಇದೆ ಎಂದು ಒಮ್ಮೆಯೂ ನೆನೆದಿರಲಿಲ್ಲವಲ್ಲ ಎಂದು ಆಕೆಗೆ ಮೈ ಜುಂ ಎಂದಿತು. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು.

"ಹೊಟ್ಟಿ ನೋಯಾಕತ್ತೈತೇನ ದಾದಿಮಾ?" ಎಂದಳು ಹೀನಾ.

"ಇಲ್ಲ ಬೇಟಾ. ಸುಮ್ನ."

ಮರುದಿನ ಮಧ್ಯಾಹ್ನದ ನಮಾಜು ಮುಗಿಸಿ ಮಾಬುಬಿ ಪಡಸಾಲೆಯಲ್ಲಿ ಚಾಪೆ ಹಾಸಿದಳು. ರುದ್ರವ್ವ ಆಗಲೇ ಗೋಡೆಗೆ ಒರಗಿ ಕೂತಿದ್ದಳು.

"ಶಬನಮ, ಆ ಸಣ್ಣ ತಕ್ಕಡಿ ತಗೊಂಬಾ."

"ಯಾವ ತಕ್ಕಡಿ ಅಮ್ಮಾ?"

"ಉಪ್ಪಿನ ಡಬ್ಬಿ ಹಿಂದ ಇಟ್ಟೀಯಲ್ಲ, ಅದು. ವರ್ಷ ಆತು ನೋಡಾಕತ್ತೇನಿ."

ಶಬನಮಳ ಮುಖ ಕೆಂಪಾಯಿತು. ರುದ್ರವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

ತಕ್ಕಡಿ ಬಂತು. ಶಬನಮ ತವರಿನಿಂದ ತಂದ ಶಾವಿಗೆಯನ್ನೂ ಮುಂದಿಟ್ಟಳು. ಅದು ಬಬಲೇಶ್ವರದಲ್ಲಿ ಮಷೀನಿಗೆ ಹಾಕಿಸಿದ್ದು. ಕೂದಲಿನಂತೆ ತೆಳು, ಉದ್ದ, ಹಕ್ಕಿಯ ಗೂಡಿನಂತೆ ಸುತ್ತಿಕೊಂಡಿದ್ದು. ಅಂದು ತೂಗಿದ್ದು ಅದನ್ನೇ. ಖಾಲಿ ವಾಟಿ ಇಟ್ಟು ತಕ್ಕಡಿಯನ್ನು ಸೊನ್ನೆಗೆ ತಂದು, ಇಂದೂ ಹಾಗೆಯೇ ಮುರಿಯದೆ, ಒತ್ತದೆ ವಾಟಿಯಲ್ಲಿ ಇಳಿಸಿದಳು. ಹೀನಾ ಬಗ್ಗಿ ಓದಿದಳು: "ಇಪ್ಪತ್ತೊಂಬತ್ತು."

ಅದೇ ವಾಟಿಗೆ ಮಾಬುಬಿಯ ಶಾವಿಗೆಯನ್ನು ಅದೇ ರೀತಿ ಹಗುರಾಗಿ ಹಾಕಿದರು. ಎಳೆ ಸ್ವಲ್ಪ ದಪ್ಪ. ಮೂವತ್ತನಾಲ್ಕು.

"ಭಾಳ ಫರಕ ಇಲ್ಲಲ್ಲ," ಎಂದಳು ರುದ್ರವ್ವ.

"ಈಗ ನೀವು ತುಂಬ್ರಿ ಅಮ್ಮಾ. ಹೀನಾಗ ತುಂಬ್ತೀರಲ್ಲ, ಹಂಗ."

ಮಾಬುಬಿ ಮುಷ್ಟಿಯಲ್ಲಿ ಹಿಡಿದು ಮುರಿದಳು. ಚರಚರ ಸದ್ದು. ವಾಟಿಗೆ ಹಾಕಿ ಹೆಬ್ಬೆರಳಿನಿಂದ ಒತ್ತಿದಳು. ಮುರಿದ ಚೂರುಗಳು ಒಂದರ ಸಂದಿಯಲ್ಲಿ ಒಂದು ಇಳಿದು ಕೂತವು. ಮತ್ತೊಂದು ಮುಷ್ಟಿಗೂ ಜಾಗವಾಯಿತು. ಮೇಲೆ ಗೋಪುರ. ಬಿಸ್ಮಿಲ್ಲಾ ಎಂದು ತಕ್ಕಡಿಯ ಮೇಲೆ ಇಟ್ಟಳು.

ಹೀನಾ ಎರಡು ಸಲ ನೋಡಿದಳು. "ಎಪ್ಪತ್ತೊಂದು."

ಅದೇ ವಾಟಿ, ಅದೇ ಶಾವಿಗೆ, ಅದೇ ಗೋಧಿ. ಮಾಬುಬಿ ವಾಟಿಯನ್ನು ಕಣ್ಣೆತ್ತರಕ್ಕೆ ಹಿಡಿದು ನೋಡಿದಳು, ಒಳಗೆ ಯಾರಾದರೂ ಅಡಗಿ ಕೂತಿದ್ದಾರೇನೋ ಎಂಬಂತೆ.

"ಯಪ್ಪಾ!" ಎಂದಳು ರುದ್ರವ್ವ. "ಒಂದು ವಾಟಿಯೊಳಗ ಎರಡು ವಾಟಿ!"

ಹುಡುಗಿ ಇಷ್ಟು ದಿನ ಮೂವತ್ತಕ್ಕೆ ಮದ್ದು ತಗೊಂಡು ಎಪ್ಪತ್ತು ತಿನ್ನುತ್ತಿದ್ದಳು. ಶಬನಮ ತಲೆಗೆ ಕೈ ಹಚ್ಚಿ ಕೂತಳು. ಆಮೇಲೆ ಸಾವರಿಸಿಕೊಂಡು, "ಹಂಗಾದ್ರ ವಾಟಿಗೆ ಎಪ್ಪತ್ತು ಅಂತ ಹಿಡಿಯೂಣು. ಮುಗೀತು," ಎಂದಳು.

"ತಡಿ ತಡಿ. ನನಗೊಂದು ತುಂಬ ನೋಡೂಣು," ಎಂದು ರುದ್ರವ್ವ ಮುಂದೆ ಸರಿದಳು. "ಮನೀಗೆ ಬಂದಾಕಿಗೆ ಹ್ಯಾಂಗ ತುಂಬ್ತಿ, ಹಂಗ."

ಮಾಬುಬಿ ತುಂಬಿದಳು. ಮುಷ್ಟಿ, ಹೆಬ್ಬೆರಳು, ಗೋಪುರ, ಎಲ್ಲ ಇತ್ತು. ಹೀನಾ ಓದಿದಳು: "ಐವತ್ತಮೂರು."

"ಐವತ್ತಮೂರು!" ರುದ್ರವ್ವ ಎದ್ದೇ ನಿಂತಳು. "ನೋಡ ಇಕೀನ! ಇಷ್ಟ ವರ್ಷ ಎಳಿ ಹಿಡದ ಹಿಡದ ನನ್ನ ಸೊಂಟ ಬಿದ್ದೈತಿ, ನನಗ ಐವತ್ತಮೂರು! ಮೊಮ್ಮಗಳಿಗೆ ಗಿಡಿದ ಗಿಡಿದ ಎಪ್ಪತ್ತೊಂದು!"

"ನಾ ಬೇಕಂತ ಮಾಡಿಲ್ಲ ಬೇ. ಖುದಾನಾಣಿ, ನಾ ಒಂದs ನಮೂನಿ ತುಂಬೇನಿ."

"ತಕ್ಕಡಿ ಹೇಳಾಕತ್ತೈತಲ್ಲ, ಒಂದs ನಮೂನಿ ಅಂತ!"

ಹೀನಾಗೆ ಇದು ಆಟವಾಯಿತು. "ದಾದಿಮಾ, ನನಗ ಇನ್ನೊಮ್ಮೆ," ಎಂದಳು. ಮಾಬುಬಿ ಈ ಸಲ ಬಹಳ ಎಚ್ಚರದಿಂದ, ರುದ್ರವ್ವನಿಗೆ ತುಂಬಿದ ಹಾಗೆಯೇ ತುಂಬುತ್ತೇನೆಂದು ಮನಸ್ಸಿನಲ್ಲೇ ಹೇಳಿಕೊಂಡು ತುಂಬಿದಳು. ಎದುರಿಗೆ ಹುಡುಗಿ ಮೊಣಕಾಲೂರಿ, ಗಲ್ಲಕ್ಕೆ ಕೈ ಕೊಟ್ಟು ನೋಡುತ್ತಿದ್ದಳು. ವಾಟಿ ತಕ್ಕಡಿಗೆ ಏರಿತು.

"ಎಪ್ಪತ್ತೆಂಟು!"

ರುದ್ರವ್ವ ನಕ್ಕು ನಕ್ಕು ಚಾಪೆಯ ಮೇಲೆ ಉರುಳಿದಳು. ಶಬನಮಳಿಗೂ ನಗು ತಡೆಯಲಾಗಲಿಲ್ಲ. ಮಾಬುಬಿ ನಗಲಿಲ್ಲ. ತನ್ನ ಬಲಗೈಯನ್ನು ಮಗುಚಿ ನೋಡಿದಳು, ಮತ್ತೆ ಅಂಗೈ ಮೇಲೆ ಮಾಡಿ ನೋಡಿದಳು. ಮದುವೆಯಾಗಿ ಬಂದಾಗಿನಿಂದ ಒಂದು ವಾಟಿ ಎಂದರೆ ಒಂದು ವಾಟಿ ಎಂದೇ ನಂಬಿದ್ದಳು. ಯಾರ ಸಲುವಾಗಿ ತುಂಬುತ್ತೇನೆ ಎಂಬುದು ಹೆಬ್ಬೆರಳಿಗೆ ಗೊತ್ತಿತ್ತು. ತನಗೆ ಗೊತ್ತಿರಲಿಲ್ಲ.

"ಹಂಗಾದ್ರ ಎಷ್ಟಂತ ಹಿಡಿಯೂದು?" ಎಂದಳು ಶಬನಮ. "ಐವತ್ತೋ, ಎಪ್ಪತ್ತೋ?"

"ಯಾವದೂ ಹಿಡಿಯಾಕ ಬರೂದಿಲ್ಲ ಮಮ್ಮಿ," ಎಂದಳು ಹೀನಾ. "ದಾದಿಮಾನ ವಾಟಿಗೆ ನಂಬರs ಇಲ್ಲ."

ನಗು ನಿಂತಿತು. ಹುಡುಗಿ ಹೇಳಿದ್ದು ನಿಜ. ಬರೀ ಶಾವಿಗೆಯ ಫರಕಾಗಿದ್ದರೆ ಲೆಕ್ಕ ಕಟ್ಟಬಹುದಿತ್ತು. ತೆಳುವಿಗೆ ಇಷ್ಟು, ದಪ್ಪಕ್ಕೆ ಇಷ್ಟು, ಮುರಿದದ್ದಕ್ಕೆ ಇಷ್ಟು. ಇಲ್ಲಿ ಕೈಯೇ ಪ್ರತಿ ಸಲ ಬೇರೆ. ಇನ್ನು ಉಳಿದದ್ದು ಎರಡೇ ದಾರಿ. ಒಂದೋ ಶಾವಿಗೆ ಬಿಡಬೇಕು, ಇಲ್ಲವೇ ಹುಡುಗಿಯ ತುತ್ತನ್ನು ದಿನವೂ ತಕ್ಕಡಿಗೆ ಹಾಕಬೇಕು. ಎಲ್ಲರೂ ಮಾಬುಬಿಯ ಮುಖ ನೋಡಿದರು.

"ನೆದರಾಗೂದಿಲ್ಲೇನ?" ಎಂದು ಮೆಲ್ಲಗೆ ಕೇಳಿದವಳು ರುದ್ರವ್ವ. ಆ ನಂಬಿಕೆ ಅವಳ ಮನೆಯದೂ ಆಗಿತ್ತು.

ಮಾಬುಬಿ ವಾಟಿಯಲ್ಲಿದ್ದ ಶಾವಿಗೆಯನ್ನು ಬುಟ್ಟಿಗೆ ಸುರುವಿದಳು.

"ಎಲ್ಲಾರ ಹೊಟ್ಟ್ಯಾಗೂ ಅವನs ತಕ್ಕಡಿ ಇಟ್ಟಾನಂತ. ನಿನ್ನ ಹೊಟ್ಟ್ಯಾಗೂ ಐತಿ, ನನ್ನ ಹೊಟ್ಟ್ಯಾಗೂ ಐತಿ. ಹುಟ್ಟಿದಾಗಿಂದ ತೂಗಾಕತ್ತೈತಿ, ಒಂದು ದಿನಾನೂ ನೆದರಾಗಿಲ್ಲ. ಈ ಕೂಸಿಂದು ನಿಂತೈತಿ. ಅದರ ಕೆಲಸ ನಾವು ಹಿಡಿಯೂದು. ಅದಕ್ಕ್ಯಾಕ ಅಂಜಿಕಿ?"

ಶಬನಮ ಅಂದೇ ದವಾಖಾನೆಗೆ ಫೋನ್ ಹಚ್ಚಿದಳು. ಪೂನಮ ಎಲ್ಲವನ್ನೂ ಕೇಳಿ, ಹೆಬ್ಬೆರಳಿನ ಮೇಲೆ ತನಗೆ ಅವತ್ತೇ ಗುಮಾನಿ ಬಂದಿತ್ತು ಎಂದಳು. ತೂಗಿ ಹಾಕುವುದಾದರೆ ಈದ್‌ಗೆ ಅಡ್ಡಿಯಿಲ್ಲ ಎಂದು, ಒಣ ಶಾವಿಗೆ, ಹಾಲು, ಖಜೂರ ಎಷ್ಟೆಷ್ಟು ಎಂಬುದನ್ನು ಹೇಳಿದಳು.

ಈದ್ ದಿನ ಜಾವೀದ ಈದ್‌ಗಾದಿಂದ ಬರುವ ಹೊತ್ತಿಗೆ ಒಲೆಯ ಮೇಲೆ ದೊಡ್ಡ ಪಾತೇಲಿ ಕುದಿಯುತ್ತಿತ್ತು. ಪಕ್ಕದ ಸಣ್ಣ ಒಲೆಯ ಮೇಲೆ ಇನ್ನೊಂದು ಪುಟ್ಟ ಪಾತ್ರೆ. ಅದಕ್ಕೆ ಹಾಕುವ ಶಾವಿಗೆಯನ್ನು ಮಾಬುಬಿ ತಾನೇ ತೂಗಿದಳು. ನಲವತ್ತು ಗ್ರಾಂ. ತಕ್ಕಡಿ ನಲವತ್ತೊಂದು ತೋರಿಸಿದಾಗ ಹಾಕಿದ್ದರಲ್ಲಿ ಕೆಲವು ಚೂರು ತೆಗೆಯಬೇಕಾಯಿತು. ಮೊಮ್ಮಗಳ ಪಾಲಿನಿಂದ ಕೈ ಹಾಕಿ ತೆಗೆದದ್ದು ಆಕೆಯ ಜೀವಮಾನದಲ್ಲಿ ಅದೇ ಮೊದಲು. ತೆಗೆದ ಚೂರುಗಳು ಅಂಗೈಯಲ್ಲಿ ಉಳಿದವು. ನಾಲ್ಕೋ ಐದೋ ಎಳೆಯಷ್ಟು. ಇದು ಒಂದು ಗ್ರಾಂ. ಹೀನಾಳ ಒಳಗೆ ನಿಂತುಹೋದದ್ದು ಇಷ್ಟೇ ಇಷ್ಟು. ಅದರ ಬದಲಿಗೆ ಒಂದು ತಕ್ಕಡಿ, ಒಂದು ಮಷೀನು, ಸೂಜಿ, ದವಾಖಾನೆ, ಫೋನಿನ ಆ ಕಡೆ ಪೂನಮ, ಈ ಕಡೆ ಇಡೀ ಮನೆ. ಇವರೆಲ್ಲ ಸೇರಿಯೂ ಅದರ ಸಮಕ್ಕೆ ಬರುತ್ತಿಲ್ಲ. ಮಾಬುಬಿ ಒಲೆಯ ಮುಂದೆ ಅಂಗೈ ಬಿಚ್ಚಿಕೊಂಡು ಹಾಗೇ ನಿಂತುಬಿಟ್ಟಳು. ಹಾಲು ಉಕ್ಕಿ ಬಂದಾಗ ಶಬನಮ ಓಡಿ ಬಂದು ಪಾತೇಲಿ ಇಳಿಸಿದಳು.

ಹೀನಾ ಹೊಸ ಲಂಗದ ಅಂಚನ್ನು ಸರಿಸಿ ತಾನೇ ಸೂಜಿ ಚುಚ್ಚಿಕೊಂಡಳು. ಸ್ವಲ್ಪ ತಡೆದು, ಎಲ್ಲರ ಜೊತೆ ಊಟಕ್ಕೆ ಹಾಸಿದ ದಸ್ತರಖಾನಿನ ಮುಂದೆ ಕೂತು ಸುರಕುಂಬಾ ಕುಡಿದಳು. ತಳದಲ್ಲಿ ಉಳಿದ ಶಾವಿಗೆಯನ್ನು ಬೆರಳಿನಿಂದ ಬಳಿದು ನೆಕ್ಕಿದಳು. ಬಳಿದದ್ದೂ ಲೆಕ್ಕದೊಳಗೇ ಇತ್ತು. ರುದ್ರವ್ವ ಬಂದು ಎರಡು ಬಟ್ಟಲು ಕುಡಿದು, ತನಗೂ ತೂಗಿ ಹಾಕಿದ್ದಾರೋ ಹೇಗೆ ಎಂದು ಜಗಳ ತೆಗೆದಳು.

ಎರಡು ತಾಸಿನ ಮೇಲೆ ರಕ್ತ ನೋಡುವ ಹೊತ್ತಾದಾಗ ಹೀನಾ ಬೆರಳು ಚಾಚಿದಳು. ಹನಿ ಮೂಡಿತು. ಮಷೀನು ಯೋಚಿಸುವಷ್ಟು ಹೊತ್ತು ಯಾರೂ ಅಲುಗಾಡಲಿಲ್ಲ. ಹೊಸ ಅಂಗಿಯಲ್ಲಿದ್ದ ಜಾವೀದ ಬಾಗಿಲಲ್ಲೇ ನಿಂತ.

"ನೂರಾ ಅರವತ್ತೆಂಟು," ಎಂದಳು ಹೀನಾ.

ಶಬನಮ ಮಗಳ ತಲೆಯ ಮೇಲೆ ಕೈ ಇಟ್ಟು ಕಣ್ಣು ಮುಚ್ಚಿದಳು. ರುದ್ರವ್ವ ಹುಡುಗಿಯ ದೃಷ್ಟಿ ತೆಗೆದು ಲಟಿಗೆ ಮುರಿದಳು. ಮಾಬುಬಿ ಆ ಬೆರಳನ್ನು ಹಿಡಿದು, ಇನ್ನೂ ಒಣಗದ ಹನಿಯನ್ನು ಬೆಳಕಿಗೆ ತಿರುಗಿಸಿ ನೋಡಿ, "ಸುಬಹಾನಲ್ಲಾ" ಎಂದು ದೇವರನ್ನು ಕೊಂಡಾಡಿದಳು.

ಬರುವ ಶನಿವಾರ ಸಾಲಿ ಬಿಟ್ಟ ಮೇಲೆ ಹೀನಾ ಬಬಲೇಶ್ವರದ ತಾಯಿಯ ತವರಿಗೆ ಹೋಗುತ್ತಾಳೆ. ಎರಡು ದಿನ ಅಲ್ಲೇ ಇರುತ್ತಾಳೆ. ಕಾಯಿಲೆ ಬಂದ ಮೇಲೆ ತಾಯಿ, ದಾದಿ ಇಬ್ಬರನ್ನೂ ಬಿಟ್ಟು ಬೇರೆ ಮನೆಯಲ್ಲಿ ಉಳಿಯುವುದು ಇದೇ ಮೊದಲು. ಚೀಲದಲ್ಲಿ ಸೂಜಿ, ಮಷೀನಿನ ಜೊತೆ ಆ ಸಣ್ಣ ತಕ್ಕಡಿಯೂ ಹೋಗುತ್ತದೆ.